ತಕ್ಕ ಶಾಸ್ತಿ: ಒಂದು ಶಬ್ದ ಜಿಜ್ಞಾಸೆ

ಇಂಗ್ಲಿಷ್ ಭಾಷೆಯಲ್ಲಿ ‘ಕಂಡೈನ್’ ಎಂಬ ಒಂದು ಗುಣವಾಚಕವುಂಟು. ಅಂಗಡಿಬೀದಿಯಲ್ಲಾಗಲಿ ಮನೆಯ ಜಗಲಿಯ ಮೇಲಾಗಲಿ ಕೇಳಿಬರುವ ಮಾತು ಅದಲ್ಲ. ನ್ಯಾಯಾಲಯದ ತೀರ್ಪು, ಶಾಸನಸಭೆಯ ಭಾಷಣ, ಕಚೇರಿಯ ವಿಚಾರಣಾ ವರದಿ, ಪತ್ರಿಕೆಯ ಅಗ್ರಲೇಖನ, ಇಂಥ ಗಂಭೀರವಾದ ಎಡೆಗಳಲ್ಲಿ ಮಾತ್ರ ಅದು ಆಗೊಮ್ಮೆ ಈಗೊಮ್ಮೆ ತಲೆದೋರುತ್ತದೆ. ತಲೆದೋರಿದಾಗಲೂ ಒಂಟಿಯಾಗಿ ಬರುವುದು ಅಪೂರ್ವ. ‘ಪನಿಷ್‌ಮೆಂಟ್’ ಎಂಬ ನಾಮಪದದ ಕೈಹಿಡಿದೇ ಬರುತ್ತದೆ. ಅದರ ಬರವಣಿಗೆಯಲ್ಲಿ ಕೊನೆಯ ‘ಎನ್’ ಅಕ್ಷರದ ಹಿಂದೆ ಒಂದು ‘ಜಿ’ ಅಕ್ಷರವಿದೆ. ‘ಡಿಸೈನ್’ ಎಂಬಲ್ಲಿ ಆಗುವಂತೆಯೇ ಉಚ್ಚಾರಣೆಯಲ್ಲಿ ಅದು ಮಾಯವಾಗುತ್ತದೆ. ಆ ಅಕ್ಷರದಂತೆಯೇ ಆ ಶಬ್ದದ ಅರ್ಥದ ಒಂದು ಭಾಗವೂ ಕಾಲಕ್ರಮದಲ್ಲಿ ಮೌನವಾಗಿಹೋಗಿದೆ. ಆ ಮೌನವಾದ ಭಾಗವನ್ನು ಕುರಿತು ನಾಲ್ಕು ಮಾತು ಬರೆಯುವುದೇ ಈ ಲೇಖನದ ಉದ್ದೇಶ.

ಕನ್ನಡ ಪಾಠ ಹೇಳುವವನಿಗೆ ಇಂಗ್ಲಿಷ್ ಶಬ್ದದ ಗೊಡವೆ ಏತಕ್ಕೆಂದು ವಾಚಕರು ಕೇಳಬಹುದು. ಅದಕ್ಕೊಂದು ಸ್ವಂತ ಕಾರಣವುಂಟು. ಕೆಲವು ವರ್ಷಗಳ ಹಿಂದೆ ನಾನಿದ್ದ ಕಾಲೇಜಿನಲ್ಲಿ ಒಬ್ಬ ವಿದ್ಯಾರ್ಥಿ ಆಂತರಿಕ ಪರೀಕ್ಷೆಯ ಕೊಠಡಿಯಲ್ಲಿ ಸಿಕ್ಕಿಬಿದ್ದ. ಅವನ ಅಂಗಿಯ ತೋಳಿನ ಮಡಿಕೆಯಲ್ಲಿ ಅಂಗೈಯಗಲದ ಒಂದು ಚೀಟಿಯಿತ್ತು. ಅದು ಕನ್ನಡ ಪತ್ರಿಕೆ. ಚೀಟಿಯಲ್ಲಿದ್ದುದು ಎಂಟೊಂಬತ್ತು ಸಾಲಿನ ಸಂಧಿನಿಯಮಗಳು, ಅಂದರೆ ನಾನೇ ತರಗತಿಯಲ್ಲಿ ಬರೆಯಿಸಿದವು. ವಿಚಾರಣೆಗೆ ಒಂದು ಸಮಿತಿ ಏರ್ಪಟ್ಟಿತು. ಸಮಿತಿಯ ಹಿರಿಯರು ಇಂಗ್ಲಿಷಿನಲ್ಲಿ ಒಂದು ಕರಡನ್ನು ಸಿದ್ಧಪಡಿಸಿದರು. ಆರೋಪ ಸಿದ್ಧವಾದಲ್ಲಿ ವಿದ್ಯಾರ್ಥಿಯು ‘ಕಂಡೈನ್ ಪನಿಷ್‌ಮೆಂಟಿ’ಗೆ ಗುರಿಯಾಗುವನೆಂದು ಅದರಲ್ಲಿತ್ತು. ಹುಡುಗನ ತಂದೆಗೆ ಕಳುಹಿಸಬೇಕಾಗಿದ್ದ ಕನ್ನಡ ಪತ್ರವನ್ನು ಬರೆಯುವ ಕೆಲಸ ಸಹಜವಾಗಿ ನನ್ನ ಪಾಲಿಗೆ ಬಂತು. ಆ ಶಬ್ದವನ್ನು ನಾನು ಎಷ್ಟೋ ಸಲ ಓದಿದ್ದೆ. ಅದು ಬಂದಲ್ಲೆಲ್ಲ ಬರೆದವರ ಹುಬ್ಬು ಗಂಟಿಕ್ಕಿದಂತೆ ತೋರುತ್ತಿತ್ತು. ನಿಘಂಟನ್ನು ತೆರೆಯುವ ಶ್ರಮ ತೆಗೆದುಕೊಳ್ಳದೆ ‘ಕಠಿಣ ಶಿಕ್ಷೆ’ ಎಂದು ಬರೆದು ಕಳುಹಿಸಿದೆ.

ಒಂದು ವಾರ ಕಳೆದ ಮೇಲೆ ಆ ತಂದೆ ಬಂದರು. ಹೆಗಲ ಮೇಲೆ ಟವೆಲು, ಕೈಯಲ್ಲಿ ನಾಲ್ಕು ಮಡಿಕೆಯಾದ ನಮ್ಮ ಪತ್ರ. ಕುರ್ಚಿ ತೋರಿಸಿದರೂ ಕುಳಿತುಕೊಳ್ಳಲಿಲ್ಲ. ಪತ್ರವನ್ನು ಬರೆದವನು ನಾನೇ ಎಂಬುದು ಅವರಿಗೆ ತಿಳಿದಿರಲಿಲ್ಲ. “ಸ್ವಾಮಿ, ಹುಡ್ಗ ತಪ್ಪು ಮಾಡವ್ನೆ, ನಾ ಇಲ್ಲ ಅನ್ನಾಕಿಲ್ಲ. ತಪ್ಗೆ ತಕ್ಕಂಗೆ ಏನ್ ಮಾಡ್ಬೇಕೋ ಮಾಡಿ. ಆದ್ರೆ ಇದ್ರಲ್ಲಿ ಕಠಿಣ ಅಂತ ಬರ್ದವ್ರೆ. ತಕ್ಕದ್ದು ಬೇರೆ, ಕಠಿಣ ಬೇರೆ ಅಲ್ವಾ ಸ್ವಾಮಿ?” ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ. ಲೆಕ್ಕದಲ್ಲಿ ಏನೋ ವ್ಯತ್ಯಾಸ ಬಂದಿದೆ, ತಿಳಿದವರನ್ನು ಕೇಳೋಣ ಎನ್ನುವವರ ಧಾಟಿ ಅದು. ಸಮಿತಿ ಸೇರಿದಾಗ ಹೇಳುತ್ತೇನೆಂದು ಅವರನ್ನು ಕಳುಹಿಸಿಕೊಟ್ಟೆ. ಅಂದು ರಾತ್ರಿಯೇ ನಿಘಂಟನ್ನು ತೆರೆದೆ. ಆ ರಾತ್ರಿ ತೊಡಗಿದ ಶೋಧ ಇಂದಿಗೂ ಪೂರ್ತಿಯಾಗಿಲ್ಲವೆಂದೇ ಹೇಳಬೇಕು.

‘ಕಂಡೈನ್’ ಶಬ್ದದ ತವರು ಲ್ಯಾಟಿನ್. ಅಲ್ಲಿಯ ‘ಡಿಗ್ನುಸ್’ ಎಂದರೆ ಯೋಗ್ಯ, ಅರ್ಹ. ‘ಕಾನ್’ ಎಂಬ ಉಪಸರ್ಗ ಸೇರಿ ‘ಕಂಡಿಗ್ನುಸ್’ ಎಂದಾದಾಗ ‘ಪೂರ್ಣವಾಗಿ ಅರ್ಹವಾದ, ತೂಕಕ್ಕೆ ತೂಕ ಸರಿಹೋಗುವ’ ಎಂಬ ಅರ್ಥ. ಕಾಠಿಣ್ಯದ ಸುಳಿವು ಆ ಧಾತುವಿನಲ್ಲಿ ಎಲ್ಲಿಯೂ ಇಲ್ಲ. ಅದೇ ಬೇರಿನಿಂದ ಇಂಗ್ಲಿಷಿಗೆ ಬಂದ ಬಂಧುಬಳಗವನ್ನು ನೋಡಿರಿ: ಘನತೆ ಎಂಬರ್ಥದ ‘ಡಿಗ್ನಿಟಿ’, ಸಾತ್ತ್ವಿಕ ಕೋಪ ಎಂಬರ್ಥದ ‘ಇಂಡಿಗ್ನೇಷನ್’, ತಿರಸ್ಕಾರ ಎಂಬರ್ಥದ ‘ಡಿಸ್‌ಡೇನ್’, ನಾಜೂಕಾದ ತಿನಿಸಿಗೆ ಹೇಳುವ ‘ಡೇಂಟಿ’ ಕೂಡ ಈ ಮನೆತನದ್ದೇ. ಶಿಕ್ಷೆಯನ್ನು ಹೇಳುವ ಶಬ್ದವೂ ಮನುಷ್ಯನ ಘನತೆಯನ್ನು ಹೇಳುವ ಶಬ್ದವೂ ಒಂದೇ ತಾಯಿಯ ಮಕ್ಕಳೆಂಬುದು ಅಂದು ನನಗೆ ಹೊಸದಾಗಿ ತಿಳಿಯಿತು.

ಇನ್ನೂ ಸೋಜಿಗವೆಂದರೆ, ಮಧ್ಯಯುಗದ ಯೂರೋಪಿನ ದೇವತಾಶಾಸ್ತ್ರಜ್ಞರ ಕೈಯಲ್ಲಿ ಈ ಶಬ್ದ ಶಿಕ್ಷೆಗಲ್ಲ, ಪುಣ್ಯಫಲಕ್ಕೆ ಸಂಬಂಧಿಸಿತ್ತು. 13ನೆಯ ಶತಮಾನದ ಥಾಮಸ್ ಅಕ್ವಿನಾಸನೇ ಮೊದಲಾದವರು ಮನುಷ್ಯನ ಸುಕೃತವನ್ನು ಎರಡು ಬಗೆಯಾಗಿ ವಿಂಗಡಿಸುತ್ತಾರೆ. ಒಂದು, ನ್ಯಾಯವಾಗಿಯೇ ಪ್ರತಿಫಲವನ್ನು ಬೇಡಬಲ್ಲ ಸುಕೃತ. ಇನ್ನೊಂದು, ಬೇಡುವ ಹಕ್ಕಿಲ್ಲದಿದ್ದರೂ ಭಗವಂತನ ಔದಾರ್ಯಕ್ಕೆ ಒಪ್ಪುವಂಥದು. ಮೊದಲನೆಯದಕ್ಕೆ ಅವರು ಇಟ್ಟ ಹೆಸರು ‘ಕಂಡಿಗ್ನುಸ್’ ಶಬ್ದದಿಂದಲೇ ಬಂದದ್ದು. ದುಡಿದವನಿಗೆ ಕೂಲಿ ಸಲ್ಲುವಂತೆ ಸಲ್ಲಬೇಕಾದುದು ಎಂಬುದು ಅಲ್ಲಿಯ ಭಾವ. ಶಬ್ದವು ಫ್ರೆಂಚ್ ಭಾಷೆಯ ಮೂಲಕ ಹಾದು 15ನೆಯ ಶತಮಾನದಲ್ಲಿ ಇಂಗ್ಲಿಷನ್ನು ಸೇರಿದಾಗಲೂ ಅದರ ತಕ್ಕಡಿಗೆ ಎರಡು ತಟ್ಟೆಗಳಿದ್ದವು. ಒಂದರಲ್ಲಿ ಹೊಗಳಿಕೆ, ಒಂದರಲ್ಲಿ ದಂಡನೆ.

ಷೇಕ್ಸ್‌ಪಿಯರನ ನಾಟಕಗಳಲ್ಲಿ ಈ ಎರಡು ತಟ್ಟೆಗಳನ್ನೂ ಕಾಣಬಹುದು. ‘ಲವ್ಸ್ ಲೇಬರ್ಸ್ ಲಾಸ್ಟ್’ ನಾಟಕದಲ್ಲಿ ಡಾನ್ ಅರ್ಮಾಡೋ ಎಂಬ ಆಡಂಬರದ ಸ್ಪೇನಿನವನು ತನ್ನ ಕಿರಿಯ ಪರಿಚಾರಕನನ್ನು ಮೆಚ್ಚಿ ಆಡುವಾಗ ಈ ಗುಣವಾಚಕವನ್ನು ಹೊಗಳಿಕೆಗೆ ಹಚ್ಚುತ್ತಾನೆ. ‘ಆರನೆಯ ಹೆನ್ರಿ’ಯ ಎರಡನೆಯ ಭಾಗದಲ್ಲಿ ಗ್ಲಾಸ್ಟರಿನ ಡ್ಯೂಕ್ ಹಂಫ್ರಿ ಅದನ್ನು ದಂಡನೆಗೆ ಹಚ್ಚುತ್ತಾನೆ. ಅಲ್ಲಿಯ ಸಂದರ್ಭ ಬಹು ಮಾರ್ಮಿಕವಾದುದು. ತಪ್ಪಿತಸ್ಥರಿಗೆ ಕಂಡುಕೇಳರಿಯದ ಚಿತ್ರಹಿಂಸೆಗಳನ್ನು ಕಲ್ಪಿಸಿದನೆಂಬುದು ಅವನ ಮೇಲಿನ ಆರೋಪ. ಅದಕ್ಕೆ ಅವನು, ನನ್ನಲ್ಲಿ ದೋಷವೆಂದರೆ ಕರುಣೆಯೊಂದೇ. ಕೊಲೆಗಡುಕರಿಗೂ ದಾರಿಹೋಕರನ್ನು ಸುಲಿಯುವ ಕಳ್ಳರಿಗೂ ಹೊರತು ಬೇರೆ ಯಾರಿಗೂ ನಾನು ತಕ್ಕಷ್ಟು ದಂಡನೆಯನ್ನು ಕೊಟ್ಟವನೇ ಅಲ್ಲ ಎಂದು ಉತ್ತರಿಸುತ್ತಾನೆ. ಇಲ್ಲಿ ‘ಕಂಡೈನ್’ ಎಂಬುದು ದಂಡನೆಯ ಮೇಲಿನ ಗಡಿ. ಅದನ್ನು ಮೀರಿದರೆ ಕ್ರೌರ್ಯ. ಅದಕ್ಕಿಂತ ಕಡಮೆ ಮಾಡಿದರೆ ಕರುಣೆ. ಗಡಿ ಎಲ್ಲಿದೆಯೆಂದು ತಿಳಿದವನು ಮಾತ್ರ ಹೀಗೆ ಹೇಳಬಲ್ಲ.

ಆದರೆ ಟ್ಯೂಡರ್ ಅರಸರ ಕಾಲದ ಕಾಯಿದೆಗಳು ಈ ಶಬ್ದವನ್ನು ದಂಡನೆಯೊಡನೆ ಮತ್ತೆ ಮತ್ತೆ ಬಳಸಿ ಅವೆರಡಕ್ಕೂ ಗಂಟುಹಾಕಿಬಿಟ್ಟವು. ಆ ಕಾಲ ಎಂಥದೆಂಬುದನ್ನು ಒಂದು ನಿದರ್ಶನದಿಂದ ತಿಳಿಯಬಹುದು. ರಾಚೆಸ್ಟರಿನ ಬಿಷಪ್ ಜಾನ್ ಫಿಷರನ ಮನೆಯಲ್ಲಿ ರಿಚರ್ಡ್ ರೂಸ್ ಎಂಬ ಅಡುಗೆಯವನು ಗಂಜಿಯಲ್ಲಿ ವಿಷ ಬೆರೆಸಿದನೆಂಬ ಆರೋಪ ಬಂದಾಗ, ಎಂಟನೆಯ ಹೆನ್ರಿ ವಿಷಪ್ರಾಶನಕ್ಕೆಂದೇ ಒಂದು ಕಾಯಿದೆಯನ್ನು ಮಾಡಿಸಿದನು. 1531ರಲ್ಲಿ ಆ ಅಡುಗೆಯವನನ್ನು ಲಂಡನ್ನಿನ ಸ್ಮಿತ್‌ಫೀಲ್ಡಿನಲ್ಲಿ ಜನರ ಕಣ್ಣೆದುರಿಗೆ ಕುದಿಯುವ ಕೊಪ್ಪರಿಗೆಯಲ್ಲಿ ಹಾಕಿ ಕೊಂದರು. ಅಡುಗೆಯ ಅಪರಾಧಕ್ಕೆ ಅಡುಗೆಯ ದಂಡನೆ. ಸಾದೃಶ್ಯವೇನೋ ಸರಿಹೋಯಿತು, ತೂಕ ಮಾತ್ರ ತಪ್ಪಿತು. ಹೆನ್ರಿ ತೀರಿಕೊಂಡ 1547ರಲ್ಲಿಯೇ ಆ ಕಾಯಿದೆಯನ್ನು ರದ್ದುಗೊಳಿಸಿದರು. ಹೋಲಿಕೆಯೇ ತೂಕವಲ್ಲವೆಂಬುದನ್ನು ತಿಳಿಯುವುದಕ್ಕೆ ಅವರಿಗೆ ಹದಿನಾರು ವರ್ಷ ಬೇಕಾಯಿತು.

ಹೀಗೆ ಗಂಟುಬಿದ್ದ ಶಬ್ದ ಮತ್ತೆ ಬಿಚ್ಚಿಕೊಳ್ಳಲಿಲ್ಲ. 1755ರಲ್ಲಿ ಪ್ರಕಟವಾದ ತನ್ನ ನಿಘಂಟಿನಲ್ಲಿ ಡಾಕ್ಟರ್ ಜಾನ್ಸನ್ ಇದಕ್ಕೆ ಯೋಗ್ಯ, ಉಚಿತ ಎಂಬ ಅರ್ಥಗಳನ್ನು ಕೊಟ್ಟು, ಬಳಕೆ ಮಾತ್ರ ಯಾವಾಗಲೂ ಅಪರಾಧಕ್ಕೆ ಸಲ್ಲುವುದನ್ನು ಕುರಿತೇ ಎಂದು ಗುರುತುಹಾಕುತ್ತಾನೆ. 19ನೆಯ ಶತಮಾನದ ಪ್ರಬಂಧಕಾರ ಥಾಮಸ್ ಡಿ ಕ್ವಿನ್ಸಿ ಇದನ್ನು ಕಂಡು ಮರುಗಿದ. ಶಬ್ದವೊಂದನ್ನು ಹೀಗೆ ನಿಷ್ಕಾರಣವಾಗಿ ಸೆರೆಯಲ್ಲಿಡುವುದೇಕೆ, ಗೌರವಕ್ಕೂ ಬಹುಮಾನಕ್ಕೂ ಅದನ್ನು ಹಚ್ಚಿ ಬಿಡುಗಡೆ ಮಾಡಬಾರದೇಕೆ ಎಂಬುದು ಅವನ ಸಲಹೆ. ಯಾರೂ ಕಿವಿಗೊಡಲಿಲ್ಲ. ಬದಲಾಗಿ ಶಬ್ದ ಇನ್ನೂ ಒಂದು ಮೆಟ್ಟಿಲು ಕೆಳಗಿಳಿಯಿತು. 1961ರಿಂದ 1963ರವರೆಗೆ ನಮ್ಮ ದೇಶದಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಅರ್ಥಶಾಸ್ತ್ರಜ್ಞ ಜಾನ್ ಕೆನೆತ್ ಗಾಲ್‌ಬ್ರೈತ್, 1983ರಲ್ಲಿ ಅಧಿಕಾರದ ಸ್ವರೂಪವನ್ನು ಕುರಿತು ಒಂದು ಪುಸ್ತಕ ಬರೆದರು. ಅದರಲ್ಲಿ ಅಧಿಕಾರವನ್ನು ಮೂರು ಬಗೆಯಾಗಿ ವಿಂಗಡಿಸಿ, ಶಿಕ್ಷೆಯ ಭಯವನ್ನೊಡ್ಡಿ ಜನರನ್ನು ಬಗ್ಗಿಸುವ ಅಧಿಕಾರಕ್ಕೆ ‘ಕಂಡೈನ್’ ಎಂಬ ವಿಶೇಷಣವನ್ನೇ ಇಟ್ಟರು. ಆ ಹೆಸರಿನಲ್ಲಿ ಭಯವು ಉಳಿದಿದೆ, ತೂಕವು ಉಳಿದಿಲ್ಲ. ಇಂದು ಈ ಶಬ್ದವನ್ನು ಬರೆಯುವವರಲ್ಲಿ ಹಲವರು ‘ಉಗ್ರ’ ಎಂಬ ಅರ್ಥದಲ್ಲಿಯೇ ಬರೆಯುತ್ತಾರೆ. ದಂಡನೆಗೆ ಲಗಾಮಾಗಬೇಕಾದ ಮಾತು ಅದಕ್ಕೆ ಚಾವಟಿಯಾಗಿದೆ. ನಾನು ಮಾಡಿದ ತಪ್ಪು ನನ್ನೊಬ್ಬನದಲ್ಲವೆಂಬ ಸಮಾಧಾನ ಇದರಿಂದ ದೊರೆತೀತು. ಆದರೆ ಅದು ಒಳ್ಳೆಯ ಸಮಾಧಾನವಲ್ಲ.

ಕನ್ನಡದ ಸ್ಥಿತಿ ಇದಕ್ಕಿಂತ ಮೇಲೆಂದು ಹೇಳುವಂತಿಲ್ಲ. ನಮ್ಮ ‘ತಕ್ಕ’ ಎಂಬುದು ‘ತಗು’ ಎಂಬ ಧಾತುವಿನಿಂದ ಬಂದ ಅಚ್ಚಗನ್ನಡ ಶಬ್ದ. ಹೊಂದು, ಯೋಗ್ಯವಾಗು ಎಂಬುದು ಅದರ ಅರ್ಥ. ತಾಯಿಗೆ ತಕ್ಕ ಮಗ, ಕಾಲಕ್ಕೆ ತಕ್ಕ ಕೋಲ, ಹಾಸಿಗೆಗೆ ತಕ್ಕಷ್ಟು ಕಾಲು ಎಂದು ನಾವು ಅದನ್ನು ಎಲ್ಲ ಕಡೆಯೂ ಧಾರಾಳವಾಗಿ ಬಳಸುತ್ತೇವೆ. ಅದು ಎರಡು ವಸ್ತುಗಳನ್ನು ಪಕ್ಕದಲ್ಲಿಟ್ಟು ಅಳೆಯುವ ಮಾತು. ‘ಶಾಸ್ತಿ’ ಸಂಸ್ಕೃತದಿಂದ ಬಂದದ್ದು; ಶಾಸನ, ಶಾಸ್ತ್ರ, ಶಿಷ್ಯ, ಶಿಷ್ಟ ಎಂಬವುಗಳೆಲ್ಲ ಅದರ ಒಡಹುಟ್ಟಿದವು. ತಿದ್ದುವುದು, ಕಲಿಸುವುದು ಅದರ ಮೂಲದಲ್ಲಿದೆ. ‘ಶಿಕ್ಷೆ’ಯ ಕಥೆಯೂ ಇದೇ. ಹಿಂದಿಯವರಿಗೆ ‘ಶಿಕ್ಷಾ’ ಎಂದರೆ ವಿದ್ಯೆ. ವೇದಾಂಗಗಳಲ್ಲಿ ಅದು ಉಚ್ಚಾರಣಶಾಸ್ತ್ರ. ನಮಗೆ ಮಾತ್ರ ದಂಡನೆ. ಶಿಕ್ಷಕನೂ ಶಿಕ್ಷಣವೂ ಶಿಕ್ಷೆಯೂ ಒಂದೇ ಧಾತುವಿನಿಂದ ಹುಟ್ಟಿ ಬೇರೆ ಬೇರೆ ಕೋಣೆಗಳಲ್ಲಿ ವಾಸವಾಗಿವೆ.

‘ಕಂಡೈನ್’ ಹೇಗೆ ‘ಪನಿಷ್‌ಮೆಂಟಿ’ಗೆ ಅಂಟಿಕೊಂಡಿತೋ ಹಾಗೆ ನಮ್ಮ ‘ಶಾಸ್ತಿ’ಯು ‘ತಕ್ಕ’ ಎಂಬುದಕ್ಕೆ ಅಂಟಿಕೊಂಡಿದೆ. ಇಂದಿನ ಕನ್ನಡದಲ್ಲಿ ‘ತಕ್ಕ’ ಇಲ್ಲದ ‘ಶಾಸ್ತಿ’ಯನ್ನು ಕಾಣುವುದು ದುರ್ಲಭ. ಅಂಟಿಕೊಂಡ ಮೇಲೆ ಆದುದೂ ಅದೇ. ‘ನಿನಗೆ ತಕ್ಕ ಶಾಸ್ತಿ ಮಾಡುತ್ತೇನೆ’ ಎಂದು ಹಲ್ಲು ಕಡಿಯುವವನು ತಕ್ಕಡಿಯನ್ನು ಹಿಡಿದು ನಿಂತಿರುವುದಿಲ್ಲ, ಕೋಲನ್ನು ಹಿಡಿದು ನಿಂತಿರುತ್ತಾನೆ. ‘ಸರಿಯಾಗಿ ಮಾಡಿದರು’ ಎಂದು ನಾವು ಯಾರದೋ ಕೇಡನ್ನು ಕಂಡು ಸಂತೋಷಪಡುವಾಗಲೂ ಆ ‘ಸರಿ’ಯನ್ನು ಅಳೆದು ನೋಡಿದವರಲ್ಲ. ‘ಮಾಡಿದ್ದುಣ್ಣೋ ಮಹರಾಯ’ ಎಂಬ ಗಾದೆಯಲ್ಲಿ ಮಾತ್ರ ಹಳೆಯ ತೂಕ ಉಳಿದುಕೊಂಡಿದೆ. ಎಷ್ಟು ಮಾಡಿದೆಯೋ ಅಷ್ಟು ಉಣ್ಣು, ಅದಕ್ಕಿಂತ ಒಂದು ತುತ್ತೂ ಹೆಚ್ಚಿಗೆ ಇಲ್ಲ.

ನಮ್ಮ ಹಳೆಯ ಶಾಸನಗಳ ಕೊನೆಯಲ್ಲಿ ಬರುವ ಶಾಪವಾಕ್ಯಗಳೂ ಇಲ್ಲಿ ನೆನಪಿಗೆ ಬರುತ್ತವೆ. ದಾನವಾಗಿ ಕೊಟ್ಟ ಭೂಮಿಯನ್ನು ಅಪಹರಿಸಿದವನು ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುವನು, ಅರುವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗಿ ಹುಟ್ಟುವನು ಎಂದು ಕಲ್ಲಿನಲ್ಲಿ ಕೊರೆಯಿಸಿದ್ದಾರೆ. ಒಂದು ತುಂಡು ಗದ್ದೆಗೆ ಅರುವತ್ತು ಸಾವಿರ ವರ್ಷ! ಕೊಟ್ಟವನು ಸತ್ತ ಮೇಲೆ ಆ ದಾನವನ್ನು ಕಾಯಲು ಅವನ ಕೈ ಇರುವುದಿಲ್ಲವಷ್ಟೆ. ಕೈಯಿಲ್ಲದ ಕಡೆ ಮಾತು ಬೆಳೆಯುತ್ತದೆ. ಅದು ಕ್ಷಮ್ಯ. ಆದರೆ ಕೈಯಲ್ಲಿ ಅಧಿಕಾರವಿದ್ದವರು ಶಾಪದ ಭಾಷೆಯನ್ನು ಆಡತೊಡಗಿದರೆ ಆಗ ಅಪಾಯ.

ಹಾಗಾದರೆ ‘ಕಂಡೈನ್’ ಶಬ್ದದ ಮೂಲಾರ್ಥಕ್ಕೆ ಸರಿಸಮನಾದ ಶಬ್ದ ನಮ್ಮಲ್ಲಿ ಇಲ್ಲವೆ? ಇದೆ, ಅದು ಸಿಕ್ಕಿದ್ದು ಮೈಸೂರಿನಲ್ಲಿ. 1905ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಓಲೆಗರಿಯ ಒಂದು ಕಟ್ಟನ್ನು ತಂದು ಕೊಟ್ಟರು. ಅಲ್ಲಿದ್ದ ರುದ್ರಪಟ್ಟಣದ ಶಾಮಾಶಾಸ್ತ್ರಿಗಳು ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ 1909ರಲ್ಲಿ ಮೂಲವನ್ನೂ, 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಆ ಗ್ರಂಥದ ಮೊದಲ ಅಧಿಕರಣದ ನಾಲ್ಕನೆಯ ಅಧ್ಯಾಯದಲ್ಲಿ ದಂಡನೀತಿಯ ಚರ್ಚೆ ಬರುತ್ತದೆ. ಜನರನ್ನು ಹತೋಟಿಯಲ್ಲಿಡಲು ದಂಡಕ್ಕೆ ಸಮನಾದ ಸಾಧನವಿಲ್ಲ, ಆದ್ದರಿಂದ ಅರಸನು ಯಾವಾಗಲೂ ದಂಡವನ್ನು ಎತ್ತಿಹಿಡಿದಿರಬೇಕು ಎಂಬುದು ಹಿಂದಿನ ಆಚಾರ್ಯರ ಮತ. ಕೌಟಿಲ್ಯನು ಇದನ್ನು ಒಪ್ಪುವುದಿಲ್ಲ. ತೀಕ್ಷ್ಣವಾಗಿ ದಂಡಿಸುವವನನ್ನು ಜನ ಹೆದರಿ ದ್ವೇಷಿಸುತ್ತಾರೆ. ಮೃದುವಾಗಿ ದಂಡಿಸುವವನನ್ನು ಕಡೆಗಣಿಸುತ್ತಾರೆ. ‘ಯಥಾರ್ಹದಂಡ’ನಾದವನನ್ನು ಮಾತ್ರ ಗೌರವಿಸುತ್ತಾರೆ ಎಂಬುದು ಅವನ ನಿಲುವು. ಕಾಮದಿಂದಲೋ ಕ್ರೋಧದಿಂದಲೋ ಅಜ್ಞಾನದಿಂದಲೋ ದಂಡವನ್ನು ತಪ್ಪಾಗಿ ಪ್ರಯೋಗಿಸಿದರೆ ಕಾಡಿನಲ್ಲಿರುವ ವಾನಪ್ರಸ್ಥರೂ ಸಂನ್ಯಾಸಿಗಳೂ ಕೂಡ ಕೆರಳುತ್ತಾರೆ, ಇನ್ನು ಗೃಹಸ್ಥರ ಪಾಡೇನು ಎಂದೂ ಅವನು ಸೇರಿಸುತ್ತಾನೆ. ಯಥಾ, ಅರ್ಹ: ಅರ್ಹತೆ ಹೇಗೋ ಹಾಗೆ. ಲ್ಯಾಟಿನ್ನಿನ ‘ಡಿಗ್ನುಸ್’ ಎಂಬುದಕ್ಕೆ ಸಂಸ್ಕೃತದ ‘ಅರ್ಹ’ ಎಂಬುದಕ್ಕಿಂತ ಹತ್ತಿರದ ಶಬ್ದ ಬೇರೆ ಬೇಕೆ? ಆ ರೈತನು ಹೇಳಿದ ‘ತಕ್ಕಂಗೆ’ ಎಂಬುದು ಇದರ ಅಚ್ಚಗನ್ನಡ ರೂಪ. ‘ಕಠಿಣ’ ಎಂದು ನಾನು ಬರೆದದ್ದಕ್ಕೆ ಕೌಟಿಲ್ಯನ ಭಾಷೆಯಲ್ಲಿ ‘ತೀಕ್ಷ್ಣದಂಡ’ವೆಂದು ಹೆಸರು, ಅವನು ಬೇಡವೆಂದು ಹೇಳಿದ ಮೊದಲನೆಯದು.

ಶಬ್ದ ಸಿಕ್ಕಿತು, ಅಲ್ಲಿಗೆ ಮಾತು ಮುಗಿಯಲಿಲ್ಲ. ತಕ್ಕುದನ್ನು ಅಳೆಯುವವರು ಯಾರು? ಮನುಸ್ಮೃತಿಯ ಎಂಟನೆಯ ಅಧ್ಯಾಯವನ್ನು ತೆರೆದರೆ ಈ ಪ್ರಶ್ನೆಯ ಎರಡು ಮುಖಗಳೂ ಕಾಣುತ್ತವೆ. ಕಳವಿನ ಪ್ರಸಂಗದಲ್ಲಿ, ತಿಳಿದು ತಪ್ಪು ಮಾಡಿದ ಶೂದ್ರನಿಗೆ 8 ಪಟ್ಟು, ವೈಶ್ಯನಿಗೆ 16, ಕ್ಷತ್ರಿಯನಿಗೆ 32, ಬ್ರಾಹ್ಮಣನಿಗೆ 64 ಪಟ್ಟು ಹೊಣೆ. ಸಾಮಾನ್ಯನಿಗೆ ಒಂದು ಕಾರ್ಷಾಪಣ ದಂಡವಾಗುವಲ್ಲಿ ಅರಸನಿಗೆ ಸಾವಿರ. ಬಲ್ಲವನ ತಪ್ಪು ದೊಡ್ಡದು ಎಂಬ ಈ ನ್ಯಾಯವನ್ನು ಇಂದಿಗೂ ಮೆಚ್ಚಬೇಕು. ಆದರೆ ಅದೇ ಅಧ್ಯಾಯದಲ್ಲಿ ಬೈಗುಳದ ಪ್ರಸಂಗ ಬಂದಾಗ ತಕ್ಕಡಿ ತಲೆಕೆಳಗಾಗುತ್ತದೆ. ಬ್ರಾಹ್ಮಣನನ್ನು ಬೈದ ಶೂದ್ರನಿಗೆ ದೇಹದಂಡನೆ; ಶೂದ್ರನನ್ನು ಬೈದ ಬ್ರಾಹ್ಮಣನಿಗೆ 12 ಪಣ. ಇದನ್ನು ಬರೆದವರೂ ‘ತಕ್ಕುದು’ ಎಂದೇ ನಂಬಿ ಬರೆದರು. ಅಳೆಯುವವನು ತನ್ನ ಕಡೆಯ ತಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಅಳೆಯಬಲ್ಲನೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇಂಗ್ಲೆಂಡಿನ ಚರಿತ್ರೆಯಲ್ಲಿಯೂ ಈ ಹಗ್ಗಜಗ್ಗಾಟ ಉದ್ದಕ್ಕೂ ನಡೆದಿದೆ. 1215ರ ಮ್ಯಾಗ್ನಾ ಕಾರ್ಟಾದ 20ನೆಯ ವಿಧಿ ಚಿಕ್ಕ ತಪ್ಪಿಗೆ ಚಿಕ್ಕ ದಂಡ, ದೊಡ್ಡ ತಪ್ಪಿಗೆ ದೊಡ್ಡ ದಂಡ ಎಂದು ಗೊತ್ತುಮಾಡಿತು. ಅಷ್ಟೇ ಅಲ್ಲ, ದಂಡ ವಿಧಿಸುವಾಗ ವ್ಯಾಪಾರಿಯ ಸರಕಿಗೂ ಬೇಸಾಯಗಾರನ ಬೇಸಾಯದ ಆಸರೆಗೂ ಕೈಹಚ್ಚಕೂಡದೆಂದು ವಿಧಿಸಿತು. ತಪ್ಪು ಮಾಡಿದವನು ದಂಡ ತೆತ್ತ ಮೇಲೂ ಬದುಕಬೇಕಲ್ಲವೆ? ಇಷ್ಟು ತಿಳಿದ ಆ ದೇಶದಲ್ಲಿಯೇ 19ನೆಯ ಶತಮಾನದ ಮೊದಲಲ್ಲಿ ಇನ್ನೂರಕ್ಕೂ ಮಿಕ್ಕು ಅಪರಾಧಗಳಿಗೆ ಮರಣದಂಡನೆ ಇತ್ತು. ವಾಸದ ಮನೆಯಿಂದ 40 ಷಿಲಿಂಗ್ ಬೆಲೆಯ ವಸ್ತು ಕದ್ದರೆ ನೇಣು. ಕಾಯಿದೆ ತೂಕ ತಪ್ಪಿದಾಗ ಆ ತೂಕವನ್ನು ಸರಿಪಡಿಸಿದವರು ಜ್ಯೂರಿಗಳಾಗಿ ಕುಳಿತ ಸಾಮಾನ್ಯ ಜನ. ಕದ್ದ ವಸ್ತುವಿನ ನಿಜವಾದ ಬೆಲೆ ಏನೇ ಇರಲಿ, ಅದು 39 ಷಿಲಿಂಗ್ ಎಂದು ಅವರು ಎಷ್ಟೋ ಸಲ ತೀರ್ಪು ಕೊಟ್ಟು ಕಳ್ಳನ ಕೊರಳನ್ನು ಉಳಿಸಿದರು. ಪ್ರಮಾಣ ಮಾಡಿ ಹೇಳಿದ ಸುಳ್ಳು ಅದು. ಆದರೂ ಆ ಒಂದು ಷಿಲಿಂಗಿನ ಅಂತರದಲ್ಲಿ ‘ಕಂಡೈನ್’ ಶಬ್ದದ ನಿಜಾರ್ಥ ಅಡಗಿತ್ತು.

ನಮ್ಮ ದೇಶದಲ್ಲಿ 1860ರಲ್ಲಿ ರಚಿತವಾದ ದಂಡ ಸಂಹಿತೆಯ ಸ್ಥಾನಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹೆಸರಿನಲ್ಲಿ ‘ದಂಡ’ ಹೋಗಿ ‘ನ್ಯಾಯ’ ಬಂದುದನ್ನು ಶಬ್ದಪ್ರಿಯರು ಗಮನಿಸಿರಬಹುದು. ಹೆಸರಿಗಿಂತ ಹೆಚ್ಚಾಗಿ ಅದರಲ್ಲಿಯ ಒಂದು ಉಪಬಂಧ ನನ್ನ ಮನಸ್ಸನ್ನು ಹಿಡಿಯಿತು. ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಮೆಯಾಗಿದ್ದು, ಕದ್ದವನಿಗೆ ಅದು ಮೊದಲ ಅಪರಾಧವಾಗಿದ್ದು, ಅವನು ಅದನ್ನೋ ಅದರ ಬೆಲೆಯನ್ನೋ ಹಿಂತಿರುಗಿಸಿದರೆ ಅವನಿಗೆ ಸೆರೆಮನೆಯ ಬದಲು ಸಮುದಾಯ ಸೇವೆಯ ಶಿಕ್ಷೆ. ಜ್ಯೂರಿಗಳು ಸುಳ್ಳು ಹೇಳಿ ಮಾಡಿದ್ದನ್ನು ಇಲ್ಲಿ ಕಾಯಿದೆಯೇ ಬಾಯಿಬಿಟ್ಟು ಹೇಳುತ್ತಿದೆ. ಇದು ಎಷ್ಟರಮಟ್ಟಿಗೆ ಆಚರಣೆಗೆ ಬರುವುದೋ ಕಾಲವೇ ಹೇಳಬೇಕು. ‘ಶಿಕ್ಷೆ’ಯು ‘ಶಿಕ್ಷಣ’ದ ಕೋಣೆಯ ಬಾಗಿಲನ್ನು ಒಮ್ಮೆ ತಟ್ಟಿದೆ ಎನ್ನಬಹುದು.

ಕಡೆಯದಾಗಿ, ತಕ್ಕುದನ್ನು ಕೊಡುವುದೇ ಕೊನೆಯ ಮಾತೂ ಅಲ್ಲ. ಎಲ್ಸಿನೋರಿನ ಅರಮನೆಗೆ ನಾಟಕದವರು ಬಂದಾಗ, ಅವರನ್ನು ಅವರವರ ಯೋಗ್ಯತೆಗೆ ತಕ್ಕಂತೆ ಉಪಚರಿಸುತ್ತೇನೆಂದು ಪೊಲೋನಿಯಸ್ ಹೇಳುತ್ತಾನೆ. ಹ್ಯಾಮ್ಲೆಟ್ ಅದಕ್ಕೆ ಒಪ್ಪುವುದಿಲ್ಲ. ಪ್ರತಿಯೊಬ್ಬನಿಗೂ ಅವನವನ ಯೋಗ್ಯತೆಗೆ ತಕ್ಕುದನ್ನೇ ಕೊಡುತ್ತ ಹೋದರೆ ಚಾವಟಿಯ ಏಟಿನಿಂದ ತಪ್ಪಿಸಿಕೊಳ್ಳುವವರು ಯಾರು, ಅವರ ಯೋಗ್ಯತೆಗಲ್ಲ, ನಿನ್ನ ಘನತೆಗೆ ತಕ್ಕಂತೆ ನಡೆಸಿಕೋ ಎಂಬುದು ಅವನ ಮಾತಿನ ಸಾರ. ಕೊಡುವವನ ಘನತೆಯೂ ಲೆಕ್ಕಕ್ಕೆ ಬರುತ್ತದೆ. ‘ಕಂಡೈನ್’ ಎಂಬುದಕ್ಕೂ ‘ಡಿಗ್ನಿಟಿ’ಗೂ ಇರುವ ನಂಟನ್ನು ಮೇಲೆ ಹೇಳಿದೆನಷ್ಟೆ, ಹ್ಯಾಮ್ಲೆಟ್ ಆ ನಂಟನ್ನು ನಿಘಂಟಿನ ನೆರವಿಲ್ಲದೆಯೇ ಕಂಡುಕೊಂಡಿದ್ದ.

ಇದಿಷ್ಟನ್ನೂ ಬರೆದ ಮೇಲೆ ಸಮಿತಿಯ ಕಥೆಯನ್ನು ಅರ್ಧಕ್ಕೆ ಬಿಡುವುದು ನ್ಯಾಯವಲ್ಲ. ಸಮಿತಿ ಸೇರಿದ ದಿನಕ್ಕೆ ನಾನು ಈ ಶಬ್ದದ ಅರ್ಥವನ್ನು ಚೆನ್ನಾಗಿಯೇ ತಿಳಿದಿದ್ದೆ. ಹುಡುಗ ತಪ್ಪೊಪ್ಪಿಕೊಂಡ. ಆ ಪತ್ರಿಕೆಯೊಂದನ್ನು ರದ್ದುಮಾಡಿದರೆ ಸಾಕಲ್ಲವೆ ಎಂದು ಸದಸ್ಯರೊಬ್ಬರು ಮೆಲ್ಲಗೆ ಎತ್ತಿದರು. ಇನ್ನೊಬ್ಬರು ನನ್ನ ಪತ್ರದ ಪ್ರತಿಯನ್ನು ಕೈಗೆತ್ತಿಕೊಂಡು, “ಕಠಿಣ ಶಿಕ್ಷೆಯೆಂದು ತಂದೆಗೆ ಬರೆದಾಗಿದೆ. ಈಗ ಸಡಿಲಿಸಿದರೆ ಕಾಲೇಜಿನ ಮಾತಿಗೆ ಬೆಲೆಯೆಲ್ಲಿ ಉಳಿಯಿತು?” ಎಂದರು. ಆ ಮಾತಿನ ಮೇಲೆ ಚರ್ಚೆಯ ದಾರಿಯೇ ಬದಲಾಯಿತು. ಎಷ್ಟು ತಕ್ಕುದು ಎಂಬ ಪ್ರಶ್ನೆ ಹೋಗಿ ಎಷ್ಟು ಕಠಿಣ ಎಂಬ ಪ್ರಶ್ನೆಯಷ್ಟೇ ಉಳಿಯಿತು. ಅದು ಕಾಲೇಜಿನ ಮಾತಲ್ಲ, ನನ್ನ ತಪ್ಪು ಅನುವಾದ, ಮೂಲದಲ್ಲಿರುವುದು ‘ತಕ್ಕ’ ಎಂಬ ಅರ್ಥ ಎಂದು ಹೇಳುವುದಕ್ಕೆ ನನಗೆ ಅರ್ಧ ನಿಮಿಷ ಸಾಕಾಗಿತ್ತು. ಕನ್ನಡದ ಅಧ್ಯಾಪಕನೇ ಅನುವಾದದಲ್ಲಿ ಎಡವಿದನೆಂದು ಹತ್ತು ಜನ ನಗುವರಲ್ಲಾ ಎಂಬ ಸಂಕೋಚದಿಂದ ನಾಲಗೆ ಏಳಲಿಲ್ಲ. ಹುಡುಗನಿಗೆ ಆ ವರ್ಷದ ಪರೀಕ್ಷೆಗಳಾವುದಕ್ಕೂ ಕುಳಿತುಕೊಳ್ಳಬಾರದೆಂದು ನಿರ್ಣಯವಾಯಿತು. ಮರುವರ್ಷ ಅವನು ಬರಲಿಲ್ಲ. ಅವನ ಹೆಸರು ಹಾಜರಿ ಪುಸ್ತಕದಲ್ಲಿ ಇನ್ನೂ ಕೆಲವು ದಿನವಿತ್ತು. ನಾನು ಕೂಗುತ್ತಿದ್ದೆ, ಯಾರೂ ಉತ್ತರಿಸುತ್ತಿರಲಿಲ್ಲ. ಆಮೇಲೆ ಅದನ್ನು ಹೊಡೆದುಹಾಕಿದರು.

ಚೀಟಿ ಇಟ್ಟುಕೊಂಡುದು ತಪ್ಪಲ್ಲವೆಂದು ನಾನು ಹೇಳುತ್ತಿಲ್ಲ. ಅವನ ತಂದೆಯೂ ಹಾಗೆ ಹೇಳಲಿಲ್ಲ. ಎಂಟು ಸಾಲಿನ ಸಂಧಿನಿಯಮಕ್ಕೆ ಒಂದು ವರ್ಷ, ಅದರ ಬೆನ್ನಿಗೆ ವಿದ್ಯಾಭ್ಯಾಸವೇ ಹೋಗುವುದೆಂದರೆ ತೂಕ ಸರಿಹೋಯಿತೆ ಎಂಬುದು ನನ್ನ ಪ್ರಶ್ನೆ. ತೂಕ ತಪ್ಪಿದ್ದರೆ ಆ ತಟ್ಟೆಯ ಮೇಲೆ ಇದ್ದ ಬೆರಳುಗಳಲ್ಲಿ ನನ್ನದೂ ಒಂದು.

ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದ ಕೊನೆಯಲ್ಲಿ ಒಂದು ವಿಧಿಯಿದೆ. ದಂಡನೆಗೆ ಅರ್ಹನಲ್ಲದವನನ್ನು ಅರಸನು ದಂಡಿಸಿದರೆ ಆ ದಂಡದ ಮೂವತ್ತರಷ್ಟನ್ನು ಅರಸನೇ ತೆರಬೇಕು. ಅದನ್ನು ವರುಣನಿಗೆಂದು ನೀರಿನಲ್ಲಿ ಅರ್ಪಿಸಿ, ಆಮೇಲೆ ಬ್ರಾಹ್ಮಣರಿಗೆ ಕೊಡಬೇಕು. ಅರಸನನ್ನು ದಂಡಿಸುವ ಅಧಿಕಾರಿ ಲೋಕದಲ್ಲಿ ಬೇರೆ ಇಲ್ಲವಾದ್ದರಿಂದ ನೀರಿನ ದೇವತೆಯನ್ನು ಕರೆಯಬೇಕಾಯಿತೆಂದು ತೋರುತ್ತದೆ. ದಂಡಿಸುವವನ ತಪ್ಪಿಗೂ ತಕ್ಕುದೊಂದು ಇದೆ ಎಂಬುದನ್ನು ಅಷ್ಟು ಹಿಂದೆಯೇ ಬರೆದಿಟ್ಟರಲ್ಲಾ ಎಂದು ನನಗೆ ಬೆರಗು. ನನ್ನ ಪಾಲಿನ ದಂಡವನ್ನು ಯಾವ ನೀರಿಗೆ ಬಿಡಬೇಕೋ ನನಗೆ ತಿಳಿಯದು. ಈಗ ಇಂಥ ಪತ್ರಗಳನ್ನು ಬರೆಯುವ ಕೆಲಸ ಬಂದಾಗಲೆಲ್ಲ ‘ತಕ್ಕ’ ಎಂದಷ್ಟೇ ಬರೆಯುತ್ತೇನೆ. ಯಾರಾದರೂ ಅದನ್ನು ಹೊಡೆದು ‘ಕಠಿಣ’ ಎಂದು ತಿದ್ದಿದರೆ, ಏಕೆಂದು ಕೇಳುತ್ತೇನೆ.